ಅಮವಾಸ್ಯೆಗೆ ತೆರೆಯದ ಮನೆ

ಎಂಟುನೂರ ತೊಂಬತ್ತೊಂಬತ್ತು.

ಉಮಾಮಹೇಶ್ವರಿ ಕಣ್ಣುಜ್ಜಿಕೊಂಡು ಸ್ಕ್ರೀನನ್ನು ಮತ್ತೊಮ್ಮೆ ನೋಡಿದಳು. ಸಂಖ್ಯೆ ಬದಲಾಗಲಿಲ್ಲ.

ಒಂಬತ್ತು ದಿನದಿಂದ ಕಾಣೆಯಾಗಿರುವ ಗೆಳತಿ ಶಿವಲೀಲಾಳ ಬುತ್ತಿ ಡಬ್ಬಿಯ ಮುಚ್ಚಳದ ಒಳಗಡೆ ಅಂಟಿಸಿದ್ದ ಚೀಟಿಯಲ್ಲಿ ಇದ್ದದ್ದು ಇದೇ ಸಂಖ್ಯೆ. ಚೀಟಿ ಸಿಕ್ಕ ದಿನ ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಬಸ್ಸಿನ ನಂಬರು ಅಂದರು, ಯಾರದೋ ಫೋನಿನ ಕೊನೆಯ ಅಂಕಿ ಅಂದರು, ಲಾಡ್ಜಿನ ರೂಮು ಎಂದು ಒಬ್ಬ ನಕ್ಕೂ ಬಿಟ್ಟ. ಪೊಲೀಸರು ಚೀಟಿಯನ್ನು ತಿರುಗಿಸಿ ನೋಡಿ, ಹುಡುಗಿ ಯಾರ ಜೊತೆಗಾದರೂ ಹೋಗಿರಬಹುದು, ಬಂದಾಳು ಎಂದು ವಾಪಸು ಕೊಟ್ಟಿದ್ದರು.

ಆ ಚೀಟಿಯ ಅರ್ಥ ಈಗ ಸಂಜೆ ಐದು ಗಂಟೆಗೆ ಉಮಾಳ ಕಣ್ಣೆದುರು ಇತ್ತು. ಬೀಗ ಹಾಕಿದ ಮನೆಗಳು ಒಟ್ಟು ಒಂಬೈನೂರು. ಹಿಂದಿನ ಶಿವರಾತ್ರಿ ಅಮವಾಸ್ಯೆಯ ದಾಖಲೆಯಲ್ಲಿ ಬಾಗಿಲು ತೆರೆದವು ಎಂಟುನೂರ ತೊಂಬತ್ತೊಂಬತ್ತು.

ಒಂದು ಮನೆ ತೆರೆದಿರಲಿಲ್ಲ.

ಈ ಮನೆಗಳು ಎಂಥವು ಎಂದು ಹೇಳಿಬಿಡುವುದು ಒಳ್ಳೆಯದು. ಇವುಗಳಿಗೆ ಇಟ್ಟಿಗೆಯಿಲ್ಲ, ಗಾರೆಯಿಲ್ಲ. ಆದೋನಿಯ ಹಳೆಯ ಜಿನ್ನಿಂಗ್ ಮಿಲ್ಲೊಂದನ್ನು ಹಿಡಿದು ಹೈದರಾಬಾದಿನ ಕಂಪನಿಯೊಂದು ಲ್ಯಾಬು ಮಾಡಿದೆ. ತೊಲೆಗಳ ಮೇಲೆ ಈಗಲೂ ಹತ್ತಿಯ ನಾರು ಕೂತಿದೆ, ಕೆಳಗೆ ಸಾಲಾಗಿ ಕಂಪ್ಯೂಟರುಗಳು ಗುಂಯ್‌ಗುಡುತ್ತವೆ. ಆ ಕಂಪ್ಯೂಟರುಗಳೊಳಗೆ ಹನ್ನೆರಡು ಸಾವಿರ ಮನೆಗಳ ಊರೊಂದಿದೆ. ಫೋನಿನಿಂದ ದೀಪ, ಫ್ಯಾನು, ನೀರಿನ ಮೋಟಾರು, ಬಾಗಿಲ ಬೀಗ ಎಲ್ಲವನ್ನೂ ನಡೆಸುವ ಯಂತ್ರವೊಂದನ್ನು ಕಂಪನಿ ಮಾರಬೇಕು. ಹನ್ನೆರಡು ಸಾವಿರ ಮನೆಗಳು ಒಂದೇ ಗಳಿಗೆಗೆ ಮಾತಾಡಿದರೆ ಯಂತ್ರ ತಡೆಯುತ್ತದೋ ಕುಸಿಯುತ್ತದೋ ಮೊದಲೇ ತಿಳಿಯಬೇಕು. ಪರೀಕ್ಷೆಗೆಂದು ಯಾರು ಅಷ್ಟು ಮನೆ ಕಟ್ಟಿಸಿಕೊಡುತ್ತಾರೆ? ಅದಕ್ಕೇ ಈ ಸುಳ್ಳುಮನೆಗಳು. ಅಲ್ಲಿ ಸುಳ್ಳು ಫ್ಯಾನು ತಿರುಗುತ್ತದೆ, ಸುಳ್ಳು ಬೀಗ ತೆರೆಯುತ್ತದೆ, ನಿಜದ ಮನೆಯಿಂದ ಬಂದ ಹಾಗೇ ಸುದ್ದಿ ಬರುತ್ತದೆ. ಲ್ಯಾಬಿನ ಹುಡುಗಿಯರು ಆ ಊರಿಗೆ ಸುಳ್ಳೂರು ಎಂದು ಹೆಸರಿಟ್ಟಿದ್ದರು.

ಮೊದಮೊದಲು ಹೈದರಾಬಾದಿನವರೇ ಸುಳ್ಳೂರಿನ ದಿನಚರಿ ಬರೆದಿದ್ದರು. ಅವರ ಮನೆಗಳು ಬೆಳಿಗ್ಗೆ ಏಳಕ್ಕೆ ಏಳುತ್ತಿದ್ದವು. ನಳದ ನೀರು ಮೂರು ದಿನಕ್ಕೊಮ್ಮೆ ನಸುಕಿನ ನಾಲ್ಕೂವರೆಗೆ ಬರುವ ಊರಿನಲ್ಲಿ, ಬೀದಿಗೆ ಬೀದಿಯೇ ಮೋಟಾರು ಹಾಕುವ ಹೊತ್ತಿನಲ್ಲಿ, ಏಳರತನಕ ಮಲಗುವವರು ಯಾರು? ಪರೀಕ್ಷೆ ತಲೆಕೆಳಗಾಯಿತು. ಆಗ ಈ ಕಡೆಯ ಆರು ಜನ ಹುಡುಗಿಯರನ್ನು ದಿನಚರಿ ಬರೆಯಲು ಕೆಲಸಕ್ಕೆ ತೆಗೆದುಕೊಂಡರು. ಅವರಲ್ಲಿ ಉಮಾ ಒಬ್ಬಳು, ಕೋಸಗಿಯ ಶಿವಲೀಲಾ ಒಬ್ಬಳು. ಇಬ್ಬರದೂ ಒಂದೇ ರೂಮು, ಒಂದೇ ಒಲೆ.

ಬೀಗದ ಮನೆಗಳು ಪೂರ್ತಿ ಶಿವಲೀಲಾಳ ಕೈಕೆಲಸ. ಕೋಸಗಿಯ ಕಡೆ ಜನ ಸುಗ್ಗಿಗೆಂದು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಹೋದರೆ ಮೂರು ನಾಲ್ಕು ತಿಂಗಳು ಬೀದಿ ತುಂಬ ಬೀಗ. ಅಂಥ ಮನೆಗಳೂ ಸುಳ್ಳೂರಿನಲ್ಲಿ ಇರಬೇಕೆಂದು ಹಟ ಹಿಡಿದು ಒಂಬೈನೂರು ಮನೆ ಬರೆದಳು. ಅಷ್ಟಕ್ಕೇ ಬಿಡಲಿಲ್ಲ. ಸುಗ್ಗಿಗೆ ಹೋಗುವವರು ಕೀಲಿಯನ್ನು ಊರಲ್ಲುಳಿದ ಸಂಬಂಧಿಕರ ಕೈಗೆ ಕೊಟ್ಟು ಹೋಗುತ್ತಾರೆ. ಅಮವಾಸ್ಯೆಯ ಸಂಜೆ ಅವರು ಬಂದು ಬೀಗ ತೆಗೆದು, ಕಸ ಗುಡಿಸಿ, ದೇವರ ಮುಂದೆ ದೀಪ ಹಚ್ಚಿ, ಕಾಯಿ ಒಡೆದು, ಮತ್ತೆ ಬೀಗ ಹಾಕಿ ಹೋಗಬೇಕು. ಮನೆ ಅಮವಾಸ್ಯೆಗೆ ಕತ್ತಲಲ್ಲಿ ಉಳಿಯಬಾರದು. ಶಿವಲೀಲಾ ಅದನ್ನೂ ಬಿಡದೆ ದಿನಚರಿಯ ಕೊನೆಯ ಸಾಲಾಗಿ ಸೇರಿಸಿದ್ದಳು.

ಬಾಗಿಲು ತೆರೆಯದೆ ಉಳಿದ ಆ ಒಂದು ಮನೆಯ ನಂಬರು 7316. ಬೀಗದ ಮನೆಗಳನ್ನು ಸ್ಕ್ರೀನಿನಲ್ಲಿ ಬೂದಿ ಬಣ್ಣದ ಚುಕ್ಕೆಗಳಾಗಿ ತೋರಿಸುತ್ತಾರೆ, ಯಾರೂ ಅವನ್ನು ಬಿಡಿಸಿ ನೋಡುವುದಿಲ್ಲ. ಉಮಾ ಚುಕ್ಕೆಯನ್ನು ಒತ್ತಿದಳು. ಮನೆಯ ಪಟ್ಟಿ ತೆರೆದುಕೊಂಡಿತು.

ಒಳಗೆ ಫ್ಯಾನು ತಿರುಗುತ್ತಿತ್ತು.

ಬೀಗದ ಮನೆಯಲ್ಲಿ ಫ್ಯಾನು ತಿರುಗಬಾರದು. ಅವಳು ಹಿಂದಿನ ದಿನಗಳ ದಾಖಲೆ ತೆಗೆದಳು. ಎರಡು ತಿಂಗಳು ಆ ಫ್ಯಾನು ಒಮ್ಮೆಯೂ ತಿರುಗಿರಲಿಲ್ಲ. ಬೀಗ ಮಾತ್ರ ಆಗಾಗ ತೆರೆದು ಮುಚ್ಚಿತ್ತು. ಫ್ಯಾನು ಮೊದಲ ಸಲ ತಿರುಗಿದ್ದು ಒಂಬತ್ತು ದಿನದ ಹಿಂದೆ, ರಾತ್ರಿ ಎಂಟಕ್ಕೆ. ಶಿವಲೀಲಾ ರೂಮಿಗೆ ಬರದೆಹೋದ ದಿನ ಅದು.

ಅಂದಿನಿಂದ ಫ್ಯಾನು ಹಗಲೂ ರಾತ್ರಿ ತಿರುಗಿದೆ. ಆದರೆ ದಿನಾ ಸಂಜೆ ಆರೂ ಇಪ್ಪತ್ತರ ಹೊತ್ತಿಗೆ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟು ಮತ್ತೆ ಶುರುವಾಗುತ್ತದೆ. ಒಂದು ದಿನ ಒಂಬತ್ತು ನಿಮಿಷ, ಒಂದು ದಿನ ಹನ್ನೊಂದು. ಪ್ರೋಗ್ರಾಮು ಮಾಡುವ ಕೆಲಸಕ್ಕೆ ಅಚ್ಚುಕಟ್ಟಿರುತ್ತದೆ. ಇದು ಮನುಷ್ಯರ ಕೈ, ಎಲ್ಲೋ ಒಂದು ನಿಜದ ಗೋಡೆಯ ಸ್ವಿಚ್ಚಿನ ಮೇಲೆ.

ಉಮಾಳ ಕಣ್ಣಲ್ಲಿ ನೀರು ತುಂಬಿತು. ಶಿವಲೀಲಾ ರೂಮಿನಲ್ಲಿ ಸಂಜೆ ದೀಪ ಹಚ್ಚುವಾಗ ಮೊದಲು ಫ್ಯಾನು ಬಂದ್ ಮಾಡುತ್ತಿದ್ದಳು. ದೀಪ ಆರಬಾರದು. ಮಾರ್ಚಿ ತಿಂಗಳ ಸೆಕೆಯಲ್ಲಿ ಉಮಾ ಬೆವರು ಒರೆಸಿಕೊಂಡು ನಿನ್ನ ದೇವರಿಗೆ ಗಾಳಿ ಬೇಡವೇನೇ ಎಂದು ರೇಗಿದರೆ, ಹತ್ತು ನಿಮಿಷ ಬೆವತರೆ ಕರಗಿ ಹೋಗುವುದಿಲ್ಲ ಬಿಡು ಎಂದು ನಗುತ್ತಿದ್ದಳು. ಆ ಮನೆಯಲ್ಲಿ ಅವಳಿಗೆ ಹಚ್ಚಲು ದೀಪವಿದೆಯೋ ಇಲ್ಲವೋ. ಫ್ಯಾನು ನಿಲ್ಲಿಸುತ್ತಿದ್ದಾಳೆ. ಸುಳ್ಳೂರನ್ನು ನೋಡುವವರಲ್ಲಿ ಆ ಹತ್ತು ನಿಮಿಷದ ಅರ್ಥ ತಿಳಿಯುವುದು ಒಬ್ಬಳಿಗೇ ಎಂದು ಗೊತ್ತಿದ್ದೇ ನಿಲ್ಲಿಸುತ್ತಿದ್ದಾಳೆ.

ಬದುಕಿದ್ದಾಳೆ ಎಂಬ ಸಂತೋಷ ಅರೆಗಳಿಗೆಯೂ ನಿಲ್ಲಲಿಲ್ಲ. ಆರೂವರೆಗೆ ದೊಡ್ಡ ಪರೀಕ್ಷೆ. ಇಡೀ ಸುಳ್ಳೂರಿನ ಕರೆಂಟು ತೆಗೆದು ಒಮ್ಮೆಲೇ ವಾಪಸು ಕೊಡುತ್ತಾರೆ. ಅದು ಮುಗಿದ ಕೂಡಲೇ ಹನ್ನೆರಡು ಸಾವಿರ ಮನೆಯನ್ನೂ ಅಳಿಸಿ, ನಾಳೆಗೆ ಹೊಸ ಊರು ಕಟ್ಟುತ್ತಾರೆ. 7316 ಅಳಿಸಿ ಹೋದರೆ ಆ ಬಾಗಿಲಿಗೂ ಈ ಲೋಕಕ್ಕೂ ಇರುವ ಒಂದೇ ಎಳೆ ಕಡಿದಂತೆ. ಆ ಮನೆ ಎಲ್ಲಿದೆಯೆಂದು ಮತ್ತೆ ಯಾರಿಗೂ ತಿಳಿಯುವುದಿಲ್ಲ.

ಹೆದರಿಕೆಯಲ್ಲಿ ಮನುಷ್ಯ ಮೊದಲು ಹುಡುಕುವುದು ದೊಡ್ಡವರನ್ನು. ಉಮಾ ಗಾದಿಲಿಂಗ ಕಾಕಾಗೆ ಫೋನು ಹಚ್ಚಿದಳು.

ಗಾದಿಲಿಂಗ ಲ್ಯಾಬಿನ ಕಾವಲಿನ ಮುಖ್ಯಸ್ಥ. ಹಿಂದೆ ಪೊಲೀಸ್ ಇಲಾಖೆಯಲ್ಲಿದ್ದು ರಿಟೈರ್ ಆದವನು, ಹುಡುಗಿಯರಿಗೆಲ್ಲ ಕಾಕಾ. ಶಿವಲೀಲಾಳ ತಾಯಿ ಉರುಕುಂದಮ್ಮ ಸುಗ್ಗಿಯ ಕೆಲಸ ಬಿಟ್ಟು ಗುಂಟೂರಿನಿಂದ ಓಡಿಬಂದು, ವಾರದಿಂದ ಗೇಟಿನ ಬೇವಿನ ಮರದಡಿ ಕೂತಿದ್ದಾಳೆ. ಆಕೆಗೆ ದಿನಾ ಎರಡು ಹೊತ್ತು ಚಹಾ ತಂದುಕೊಡುವವನು ಅವನೇ. ಈ ಹೊತ್ತು ಪರೀಕ್ಷೆ ನೋಡಲು ಹೈದರಾಬಾದಿನಿಂದ ಬಂದ ಮೂವರನ್ನು ಕಾರಿನಲ್ಲಿ ಮಂತ್ರಾಲಯಕ್ಕೆ ದರ್ಶನಕ್ಕೆ ಕರೆದುಕೊಂಡು ಹೋಗಿದ್ದ.

"ಕಾಕಾ, ಚೀಟಿದು ಗೊತ್ತಾತು," ಎಂದಳು ಉಮಾ ದನಿ ತಗ್ಗಿಸಿ. "ಶಿವಲೀಲಾ ಜೀವಂತ ಅದಾಳ. ಒಂದು ಮನ್ಯಾಗ ಇಟ್ಟಾರ ಆಕಿನ್ನ."

ಆ ಕಡೆ ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು.

"ಯಾವ ಮನಿ ತಾಯಿ?"

"ನಮ್ಮ ಊರಿನ ನಂಬರ್ ಅಷ್ಟ ಗೊತ್ತೈತಿ. ಖರೇ ಮನಿ ಎಲ್ಲೈತೋ ಗೊತ್ತಿಲ್ಲ. ಹುಡುಕ್ತೀನಿ."

"ಯಾರ ಮುಂದೂ ಬಾಯಿ ಬಿಡಬ್ಯಾಡ. ಬಸವಪ್ರಸಾದ್ ಸಾರ್ ಮುಂದಂತೂ ಬ್ಯಾಡೇ ಬ್ಯಾಡ. ನಾ ಇಲ್ಲೇ ಮಠದ ಮುಂದ ಅದೀನಿ, ಬಂದುಬಿಡ್ತೀನಿ. ಇಬ್ಬರೂ ಕೂಡಿ ಸ್ಟೇಷನ್ನಿಗಿ ಹೋಗೋಣ. ಸರೇನಾ?"

ಸರಿ ಎಂದಳು. ಕಾಕಾ ಬಸವಪ್ರಸಾದನ ಹೆಸರು ತೆಗೆದದ್ದು ಅವಳಿಗೆ ವಿಚಿತ್ರವೆನಿಸಲಿಲ್ಲ. ಲ್ಯಾಬಿನ ಮ್ಯಾನೇಜರು ಬಸವಪ್ರಸಾದ್ ತುಮಕೂರಿನವನು. ಎರಡು ವರ್ಷವಾದರೂ ಬೆಳಗಿನ ಮಂಡಕ್ಕಿ ಉಗ್ಗಾಣಿಯನ್ನು ಮೂಸಿ ನೋಡಿ ಪಕ್ಕಕ್ಕಿಡುವ ಆಸಾಮಿ. ಶಿವಲೀಲಾ ಕಾಣೆಯಾಗುವ ಹಿಂದಿನ ದಿನ ಗಾಜಿನ ಕೋಣೆಯೊಳಗೆ ಅವಳ ಮೇಲೆ ಕೂಗಾಡಿದ್ದನ್ನು ಎಲ್ಲರೂ ನೋಡಿದ್ದರು. ಯಾತಕ್ಕೆಂದು ಅವನೂ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಸುಳ್ಳೂರಿಗೆ ಹೊಸ ಮನೆ ಸೇರಿಸುವ ಅಧಿಕಾರ ಇರುವುದೂ ಅವನೊಬ್ಬನಿಗೆ.

ಗಡಿಯಾರ ಐದೂ ಇಪ್ಪತ್ತೈದು ತೋರಿಸುತ್ತಿತ್ತು. ಉಮಾ 7316ರ ದಾಖಲೆಯನ್ನು ಇನ್ನೊಮ್ಮೆ ಮೇಲಿನಿಂದ ಓದಿದಳು. ನಿನ್ನೆ ಮಧ್ಯಾಹ್ನ ಎರಡೂ ಹದಿನಾಲ್ಕಕ್ಕೆ ಇಡೀ ಮನೆಯೇ ಮಾಯವಾಗಿತ್ತು. ಎರಡೂ ಐವತ್ತೆರಡಕ್ಕೆ ಮತ್ತೆ ಬಂದಿತ್ತು. ಲ್ಯಾಬಿನಿಂದ ಯಾರೂ ಆ ಹೊತ್ತಿಗೆ ಸುಳ್ಳೂರಿನ ಕರೆಂಟು ತೆಗೆದಿರಲಿಲ್ಲ. ಹಾಗಾದರೆ ತೆಗೆದವರು ಯಾರು?

ಅವಳ ಸೋದರಮಾವ ಹನುಮಂತು ಕರೆಂಟಿನ ಲೈನ್‌ಮನ್ನು. ಫೋನು ಎತ್ತಿದವನೇ ಊಟ ಆಯಿತಾ ಎಂದು ಕೇಳಿದ. ಅವಳು ಅದಕ್ಕೆ ಉತ್ತರಿಸದೆ, ನಿನ್ನೆ ಎರಡೂ ಹದಿನಾಲ್ಕಕ್ಕೆ ಎಲ್ಲಿ ಕರೆಂಟು ಹೋಗಿತ್ತು ಎಂದು ಕೇಳಿದಳು.

"ಹೊಳಗುಂದದ ಕಡಿ ಲೈನು," ಎಂದ ಮಾವ, ಯೋಚಿಸುವ ಕೆಲಸವೇ ಇಲ್ಲದವನಂತೆ. "ಕೋತಿ ಬಿದ್ದು ಟ್ರಿಪ್ ಆಗಿತ್ತು. ಕಂಬ ಹತ್ತಿದಾವ ನಾನ. ಮೂರಕ್ಕ ಎಂಟು ನಿಮಿಷ ಇದ್ದಾಗ ಚಾರ್ಜ್ ಮಾಡಿದೆ. ಯಾಕವ್ವ?"

"ಆ ಲೈನಿಗಿ ಎಷ್ಟು ಊರು ಬರ್ತಾವ ಮಾಮ?"

"ಏಳು ಹಳ್ಳಿ. ಹೊಲದಾಗಿನ ಮನಿ ಬ್ಯಾರೆ. ಯಾಕಂತ ಹೇಳು ಮೊದ್ಲು."

ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟಳು. ಹನ್ನೆರಡು ಸಾವಿರ ಸುಳ್ಳುಮನೆಗಳ ನಡುವೆ ಒಂದು ನಿಜದ ಮನೆ ಕೂತಿದೆ. ಗೋಡೆಯಿರುವ ಮನೆ, ಹೊಳಗುಂದದ ಸುತ್ತ ಎಲ್ಲೋ. ಅದರ ಬೀಗವನ್ನು ಕೂತಲ್ಲಿಂದಲೇ ಕಾಯಬೇಕೆಂದು ಯಾರೋ ಬೀಗದ ಸುಳ್ಳುಮನೆಯೊಂದನ್ನು ತೆಗೆದು ಅದರ ನಂಬರನ್ನು ಇದಕ್ಕೆ ಅಂಟಿಸಿದ್ದಾರೆ. ಸಂತೆಯೊಳಗೆ ಒಬ್ಬನನ್ನು ಬಚ್ಚಿಟ್ಟ ಹಾಗೆ. ಶಿವಲೀಲಾ ಅಮವಾಸ್ಯೆಯ ಲೆಕ್ಕದಲ್ಲಿ ಅದನ್ನು ಹಿಡಿದಳು, ಹೇಗೋ ಜಾಗ ತಿಳಿದು ನೋಡಲು ಹೋದಳು, ಅಲ್ಲೇ ಉಳಿದಳು. ಆ ಮನೆಯಲ್ಲಿ ಅದಕ್ಕೂ ಮೊದಲು ಏನಿತ್ತೋ ದೇವರೇ ಬಲ್ಲ.

ಆರಕ್ಕೆ ಐದು ನಿಮಿಷವಿರುವಾಗ ಬಸವಪ್ರಸಾದ್ ಗಾಜಿನ ಕೋಣೆಗೆ ಬಂದು, ಪರೀಕ್ಷೆ ಮುಗಿದ ಮೇಲೆ ಊರು ಅಳಿಸುವ ಆಜ್ಞೆಯನ್ನು ಸಿದ್ಧ ಮಾಡಲು ಕೂತ. ಉಮಾ ಗೇಟಿನ ಕಡೆ ನೋಡಿದಳು. ಬೇವಿನ ಮರದಡಿ ಉರುಕುಂದಮ್ಮ ಸೆರಗು ಹೊದ್ದು ಕೂತಿದ್ದಳು. ಕಾಕಾನ ಕಾರು ಕಾಣಲಿಲ್ಲ.

ಬಾಯಿ ಬಿಡಬೇಡ ಎಂದಿದ್ದ ಕಾಕಾ. ಸುಮ್ಮನಿದ್ದರೆ ಇನ್ನು ಮೂವತ್ತೈದು ನಿಮಿಷದಲ್ಲಿ ಶಿವಲೀಲಾ ಅಳಿಸಿ ಹೋಗುತ್ತಾಳೆ. ಉಮಾ ಹೆದರುಪುಕ್ಕಲಿ, ಅದನ್ನು ಅವಳೇ ಒಪ್ಪುತ್ತಾಳೆ. ಹಲ್ಲಿ ಕಂಡರೆ ಮಂಚ ಹತ್ತುವವಳು. ಆದರೂ ಎದ್ದು ಗಾಜಿನ ಕೋಣೆಗೆ ಹೋಗಿ, ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತಳು.

"ಸರ್, ಊರು ಅಳಿಸಬ್ಯಾಡ್ರಿ. 7316ರಾಗ ಶಿವಲೀಲಾ ಅದಾಳ."

ಬಸವಪ್ರಸಾದ್ ಕನ್ನಡಕ ತೆಗೆದು ಅವಳನ್ನೇ ನೋಡಿದ. ಒಂಬತ್ತು ದಿನದ ಸಂಕಟಕ್ಕೆ ಹುಡುಗಿಯ ತಲೆ ಕೆಟ್ಟಿದೆ ಎಂದು ಅವನ ಮುಖವೇ ಹೇಳುತ್ತಿತ್ತು.

"ಉಮಾ, ಕೂತ್ಕೊಳ್ಳಿ. ಅದು ಮನೆ ಅಲ್ಲ, ಪ್ರೋಗ್ರಾಮು. ಅದರೊಳಗೆ ಒಂದು ಇರುವೆ ಕೂಡ ಇರೋಕಾಗಲ್ಲ."

"ಹಂಗಾದ್ರ ಹೊಳಗುಂದದಾಗ ಕಂಬದ ಮ್ಯಾಲೆ ಕೋತಿ ಬಿದ್ರ ನಿಮ್ಮ ಪ್ರೋಗ್ರಾಮಿಗಿ ಕರೆಂಟ್ ಯಾಕ ಹೋಗತೈತ್ರಿ?"

ಅವನಿಗೆ ಅರ್ಥವಾಗಲಿಲ್ಲ. ಅವಳು ಒಂದೊಂದಾಗಿ ಹೇಳಿದಳು. ಎರಡೂ ಹದಿನಾಲ್ಕು, ಎರಡೂ ಐವತ್ತೆರಡು, ಒಂಬತ್ತು ದಿನದಿಂದ ತಿರುಗುವ ಫ್ಯಾನು, ಸಂಜೆಯ ಹತ್ತು ನಿಮಿಷ. ಹೇಳುತ್ತ ಹೇಳುತ್ತ ಅವಳ ದನಿ ಏರಿತು.

"ಹೊಸ ಮನಿ ಸೇರ್ಸಾಕ ನಿಮಗ ಬಿಟ್ರ ಯಾರಿಗೂ ಬರಂಗಿಲ್ಲ. ಆಕಿ ಮ್ಯಾಲೆ ಕೂಗಾಡಿದಾವ್ರೂ ನೀವ. ಎಲ್ಲಿಟ್ಟೀರಿ ಸರ್ ಆಕಿನ್ನ? ಹೊರಗ ಆಕಿ ತಾಯಿ ಕುಂತಾಳ. ನಿಮ್ಮ ಕಾಲಿಗಿ ಬೀಳ್ತೀನಿ, ಹೇಳಿಬಿಡ್ರಿ."

ಬಸವಪ್ರಸಾದ್ ಸ್ಕ್ರೀನಿನ ಕಡೆ ತಿರುಗಿ 7316 ತೆರೆದ. ನಿಮಿಷಗಟ್ಟಲೆ ನೋಡಿದ. ಅವನ ಮುಖ ಬಿಳಿಚಿಕೊಂಡದ್ದನ್ನು ಉಮಾ ನೋಡಿದಳು. ಸಿಕ್ಕಿಬಿದ್ದವನ ಮುಖ ಹೀಗಿರುವುದಿಲ್ಲ ಎಂದು ಆಗಲೇ ಅವಳಿಗೊಂದು ಅನುಮಾನ ಬಂದಿತು.

ಇದು ತನ್ನ ಹೆಸರಿನಲ್ಲೇ ಸೇರಿದೆ ಎಂದು ಅವನು ಒಪ್ಪಿಕೊಂಡ. ಆದರೆ ಸೇರಿಸಿದ್ದು ಎರಡು ತಿಂಗಳ ಹಿಂದಿನ ಒಂದು ಭಾನುವಾರ, ಅಂದು ತಾನು ತುಮಕೂರಿನಲ್ಲಿ ತಂಗಿಯ ಮದುವೆಯಲ್ಲಿದ್ದೆ ಎಂದ. ಆಮೇಲೆ ಬೀಗದ ಮನೆಯೊಂದರ ದಿನಚರಿಯನ್ನು ಪಕ್ಕದಲ್ಲಿ ತೆರೆದು ಎರಡನ್ನೂ ಹೋಲಿಸಿದ. ಎಲ್ಲ ಮನೆಗೂ ಹದಿನಾರು ಸಾಲು, ಇದಕ್ಕೆ ಹದಿನೈದು.

"ಈ ಹದಿನಾರನೇ ಸಾಲು ಏನು ಉಮಾ? ತಿಂಗಳಿಗೊಂದು ಸಲ ಬೀಗದ ಮನೆ ಬಾಗಿಲು ತೆರೆಯೋದು? ನಾನು ಇದನ್ನ ತಪ್ಪು ಅಂದ್ಕೊಂಡಿದ್ದೆ. ಆವತ್ತು ಅವಳಿಗೆ ಬೈದಿದ್ದೇ ಇದಕ್ಕೆ. ಮನೇಲಿ ಯಾರೂ ಇಲ್ಲ ಅಂದ್ಮೇಲೆ ಬಾಗಿಲು ತೆಗೆಯೋದು ಯಾರು ಅಂತ."

ಉಮಾ ಬಗ್ಗಿ ಎರಡೂ ಪಟ್ಟಿಗಳನ್ನು ನೋಡಿದಳು.

ಇವನಿಗೆ ಅಮವಾಸ್ಯೆಯ ದೀಪದ ವಿಷಯ ಗೊತ್ತೇ ಇಲ್ಲ. ಆ ನಿಜದ ಮನೆಗೆ ನಂಬರು ಕೊಟ್ಟವನು ಹದಿನಾರನೇ ಸಾಲನ್ನು ಹುಡುಕಿ ಕಿತ್ತು ಹಾಕಿದ್ದಾನೆ. ಬಿಟ್ಟಿದ್ದರೆ ಅಮವಾಸ್ಯೆಯ ಸಂಜೆ ನಿಜದ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಆ ಸಾಲು ಏನು ಮಾಡುತ್ತದೆಂದು ಅರಿತವನು ಮಾತ್ರ ಹಾಗೆ ಮಾಡಬಲ್ಲ. ಸುಗ್ಗಿಗೆ ಹೋದವರ ಮನೆಗೆ ದೀಪ ಹಚ್ಚಿ ಬಂದವನು, ಇಲ್ಲವೇ ಹಚ್ಚುವವರ ನಡುವೆ ಬೆಳೆದವನು. ತುಮಕೂರಿನವನಲ್ಲ, ಹೈದರಾಬಾದಿನವನೂ ಅಲ್ಲ.

ನಮ್ಮವನೇ ಯಾರೋ. ಅವಳಿಗೆ ಬಸವಪ್ರಸಾದನ ಮೇಲೆ ಅನುಮಾನವಿದ್ದಾಗ ಇದ್ದ ಹೆದರಿಕೆಗಿಂತ ಈಗಿನದು ದೊಡ್ಡದಾಯಿತು. ಅನ್ಯರಿಗೆ ಹೆದರಿದರೆ ನಮ್ಮವರ ಹತ್ತಿರ ಓಡಬಹುದು. ಈಗ ಎಲ್ಲಿಗೆ ಓಡುವುದು?

"ನಿಮ್ಮ ಪಾಸ್‌ವರ್ಡು ಯಾರಿಗಿ ಗೊತ್ತೈತ್ರಿ?"

ಭಾನುವಾರ ಕರೆಂಟು ಹೋಗಿ ಬಂದಾಗ ಯಂತ್ರಗಳನ್ನು ಎಬ್ಬಿಸಲೆಂದು ಒಂದು ಕಾಗದದಲ್ಲಿ ಬರೆದು ಗೇಟಿನಲ್ಲಿ ಕೊಟ್ಟಿದ್ದೆ ಎಂದ ಅವನು. ಹೇಳಿದ ಮೇಲೆ ಅವನಿಗೇ ಏನೋ ಹೊಳೆದು, ಎದ್ದು ಮೂಲೆಯ ಕಪಾಟಿನ ಬೀಗ ತೆಗೆದ. ಸುಳ್ಳಿಗೂ ನಿಜಕ್ಕೂ ತಾಳೆ ನೋಡಲೆಂದು ತರಿಸಿದ್ದ ನಿಜದ ಸಾಮಾನು ಅಲ್ಲಿರುತ್ತಿತ್ತು. ಬೆರಳಿಟ್ಟು ತೆರೆಯುವ ಬೀಗ, ಫ್ಯಾನಿನ ಸ್ವಿಚ್ಚು ಎರಡೂ ಇರಬೇಕಾದ ಡಬ್ಬಿಯನ್ನು ಎತ್ತಿದ. ಡಬ್ಬಿ ಹಗುರವಾಗಿತ್ತು, ಒಳಗೆ ಹತ್ತಿ ತುಂಬಿತ್ತು.

ಈ ಕಪಾಟಿಗೆ ಎರಡು ಕೀಲಿ. ಒಂದು ಅವನ ಕೈಯಲ್ಲಿತ್ತು. ಇನ್ನೊಂದು ಯಾರ ಸೊಂಟದ ಗೊಂಚಲಿನಲ್ಲಿ ಝಣಝಣ ಎನ್ನುತ್ತಿರುತ್ತದೆಂದು ಉಮಾಳಿಗೆ ಗೊತ್ತಿತ್ತು. ಗೊತ್ತಿದ್ದರೂ ಮನಸ್ಸು ಅದನ್ನು ತಳ್ಳಿ ಹಾಕಿತು. ಚಹಾ ತಂದುಕೊಡುವ ಕೈ ಅದು.

ಅಷ್ಟರಲ್ಲಿ ಬಸವಪ್ರಸಾದನ ಫೋನು ರಿಂಗಾಯಿತು. ಹೈದರಾಬಾದಿನ ಅತಿಥಿಗಳಲ್ಲೊಬ್ಬರು, ಮಂತ್ರಾಲಯದಿಂದ. ಸಿಟ್ಟಿನ ದನಿ ಉಮಾಳ ಕಿವಿಗೂ ಬೀಳುತ್ತಿತ್ತು. ನಿಮ್ಮ ಗಾದಿಲಿಂಗ ನಮ್ಮನ್ನು ಎರಡೂವರೆಗೆ ಮಠದ ಮುಂದೆ ಇಳಿಸಿ ಹೋದವನು ಇನ್ನೂ ಪತ್ತೆಯಿಲ್ಲ. ಫೋನೂ ಎತ್ತುತ್ತಿಲ್ಲ. ನಾವು ಬಸ್ಸು ಹತ್ತಬೇಕೋ ಏನು ಕಥೆ?

ಉಮಾ ಗಡಿಯಾರದ ಕಡೆ ನೋಡಿದಳು.

ಐದು ಗಂಟೆಗೆ ಮಾತಾಡಿದಾಗ ಮಠದ ಮುಂದೆ ಇದ್ದೇನೆ ಎಂದಿದ್ದ. ಆ ಫೋನಿನಲ್ಲಿ ಗಂಟೆಯ ಸದ್ದಿರಲಿಲ್ಲ, ಜನರ ಸದ್ದಿರಲಿಲ್ಲ, ತೆಂಗಿನಕಾಯಿ ಮಾರುವವರ ಕೂಗಿರಲಿಲ್ಲ. ಬರೀ ಗಾಳಿಯಿತ್ತು, ಬಯಲಿನ ಗಾಳಿ. ಹದಿನಾರನೇ ಸಾಲು ಬರೆಯುವ ಮೊದಲು ಶಿವಲೀಲಾ ಗೇಟಿಗೆ ಹೋಗಿ ಹೊಳಗುಂದದ ಕಡೆಯೂ ಹೀಗೇ ಮಾಡುತ್ತಾರಾ ಎಂದು ವಿಚಾರಿಸಿ ಬಂದದ್ದು ಈಗ ನೆನಪಾಯಿತು. ಹೊಳಗುಂದದ ಪಕ್ಕದ ಹಳ್ಳಿಯವನು ಗಾದಿಲಿಂಗ. ನಮ್ಮ ಕಡೆಯೂ ಹಾಗೇ, ನಮ್ಮವ್ವ ಮೂರು ಮನೆಗೆ ದೀಪ ಹಚ್ಚುತ್ತಿದ್ದಳು ಎಂದಿದ್ದನಂತೆ.

ಗೆಳತಿ ಬದುಕಿರುವ ಸುದ್ದಿಯನ್ನು, ತಾನು ಮನೆ ಹುಡುಕುತ್ತಿರುವ ಸುದ್ದಿಯನ್ನು, ಉಮಾ ತನ್ನ ಬಾಯಿಂದಲೇ ಅವನ ಕಿವಿಗೆ ಹಾಕಿದ್ದಳು. ಒಂದು ಗಂಟೆಯ ಹಿಂದೆ.

"ಸರ್, ನಾ ಕಾಕಾಗ ಹೇಳಿಬಿಟ್ಟೀನಿ," ಎಂದಳು. "ಎಲ್ಲಾ ಹೇಳಿಬಿಟ್ಟೀನ್ರಿ."

ಬಸವಪ್ರಸಾದ್ ಪರೀಕ್ಷೆಯನ್ನು ನಿಲ್ಲಿಸಿದ, ಅಳಿಸುವ ಆಜ್ಞೆಯನ್ನು ತೆಗೆದುಹಾಕಿದ. ಆಮೇಲೆ ಮೇಜಿನ ಫೋನಿನಿಂದ ಪೊಲೀಸರಿಗೆ ಮಾತಾಡಿದ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಯಾವ ಊರು, ಯಾವ ಬೀದಿ, ಯಾವ ಮನೆ? ಏಳು ಹಳ್ಳಿ ಎಂದ ಅವನು. ಏಳು ಹಳ್ಳಿ ಮತ್ತು ಹೊಲದ ಮನೆಗಳು. ಆ ಕಡೆಯವರು ಒಂದು ಜೀಪು ಹೊಳಗುಂದದ ಕಡೆ ಹೊರಡಿಸುತ್ತೇವೆ, ಊರು ತಿಳಿದರೆ ಹೇಳಿ ಎಂದರು.

ಆರೂ ಇಪ್ಪತ್ತೆರಡಕ್ಕೆ 7316ರ ಫ್ಯಾನು ನಿಂತಿತು.

ದಿನಾ ನಿಲ್ಲುವ ಹಾಗೇ ನಿಂತಿತು. ಉಮಾ ಸ್ಕ್ರೀನಿಗೆ ಹಣೆ ತಾಗುವಷ್ಟು ಬಗ್ಗಿದಳು. ಎಲ್ಲೋ ಒಂದು ಕತ್ತಲ ಕೋಣೆಯಲ್ಲಿ ಶಿವಲೀಲಾ ಈಗಷ್ಟೇ ಎದ್ದು ಸ್ವಿಚ್ಚು ಒತ್ತಿದ್ದಾಳೆ. ನಾ ಇಲ್ಲೇ ಅದೀನೇ, ನೋಡಾಕತ್ತೀನಿ ಎಂದು ಕೂಗಿ ಹೇಳಬೇಕೆನಿಸಿತು.

ಆರೂ ಇಪ್ಪತ್ತಾರಕ್ಕೆ ಬಾಗಿಲು ತೆರೆಯಿತು. ಬೆರಳಿನಿಂದ ತೆರೆದದ್ದು ಎಂದು ಪಟ್ಟಿಯಲ್ಲಿ ಬಂತು. ಅರೆ ನಿಮಿಷದ ಮೇಲೆ ಮುಚ್ಚಿತು, ಒಳಗಿನಿಂದ ಬೀಗ ಬಿತ್ತು.

ಸ್ಕ್ರೀನಿನಲ್ಲಿ ಬೀಗದ ಬಟನ್ನಿದೆ, ಒತ್ತಿದರೆ ಬಾಗಿಲು ತೆರೆಯುತ್ತದೆ ಎಂಬುದು ಉಮಾಳಿಗೆ ಈಗಷ್ಟೇ ಹೊಳೆಯಿತು. ತೆರೆದರೆ ಅವಳು ಓಡಿಹೋಗಬಹುದು, ಅವನು ಅವಳನ್ನು ಎಳೆದುಕೊಂಡು ಹೋಗಲೂಬಹುದು. ಉಮಾಳ ಬೆರಳು ಬಟನ್ನಿನ ಹತ್ತಿರ ಹೋಗಿ ಹಿಂದೆ ಬಂತು. ಒಳಗೆ ಹೋದವನು ಅವನೇ ಎಂಬುದಕ್ಕೆ ಪುರಾವೆಯೂ ಇರಲಿಲ್ಲ.

ಆರೂ ಮೂವತ್ತು. ಆರೂ ಮೂವತ್ಮೂರು. ಹನ್ನೊಂದು ನಿಮಿಷ ದಾಟಿತು. ಫ್ಯಾನು ಶುರುವಾಗಲಿಲ್ಲ. ಒಂಬತ್ತು ದಿನದಲ್ಲಿ ಒಮ್ಮೆಯೂ ಇಷ್ಟು ಹೊತ್ತು ಅದು ನಿಂತದ್ದಿಲ್ಲ. ಉಮಾ ಮನಸ್ಸಿನಲ್ಲೇ ಹಾಕೇ, ಫ್ಯಾನು ಹಾಕೇ ಎಂದು ಗೋಗರೆದಳು.

ಆಗ ಅವಳ ಫೋನು ರಿಂಗಾಯಿತು. ಗಾದಿಲಿಂಗ ಕಾಕಾ.

ಬಸವಪ್ರಸಾದ್ ಕೈಸನ್ನೆ ಮಾಡಿದ. ಎತ್ತು, ಮಾತಾಡಿಸುತ್ತಲೇ ಇರು. ಅವನು ಎಲ್ಲಿದ್ದಾನೆಂದು ಬಾಯಿ ಬಿಟ್ಟರೆ ಜೀಪಿಗೆ ಹೇಳಬಹುದು. ಉಮಾ ಸೆರಗಿನಿಂದ ಅಂಗೈ ಒರೆಸಿಕೊಂಡು ಫೋನೆತ್ತಿದಳು.

"ಕಾಕಾ, ಎಲ್ಲಿದ್ದೀ?"

"ಮಂತ್ರಾಲಯದಾಗ ತಾಯಿ. ಸಾಹೇಬ್ರು ಇನ್ನಾ ದರ್ಶನಕ ನಿಂತಾರ, ಭಾಳ ರಷ್ ಐತಿ. ಮನಿ ಸಿಕ್ಕಿತೇನು?"

ದನಿ ಎಂದಿನಂತೇ ಇತ್ತು. ಅದೇ ಅಕ್ಕರೆ, ಅದೇ ನಿಧಾನ. ಅದನ್ನು ಕೇಳಿ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ಅವನ ಹಿಂದೆ ಯಾವ ಸದ್ದೂ ಇರಲಿಲ್ಲ. ಗಾಳಿಯೂ ಇಲ್ಲ. ನಾಲ್ಕು ಗೋಡೆಯ ನಡುವೆ ನಿಂತವನ ದನಿ.

"ಇಲ್ಲ ಕಾಕಾ," ಎಂದಳು. "ಎಷ್ಟು ಹುಡುಕಿದ್ರೂ ಸಿಗವಲ್ದು. ನಂದ ತಪ್ಪು ಇರಬೇಕು."

"ಹೋಗ್ಲಿ ಬಿಡು. ಸಾರ್‌ಗೆ ಏನೂ ಹೇಳಿಲ್ಲ ಹೌದಿಲ್ಲೋ?"

"ಹೇಳಿಲ್ಲ."

ಇದು ಅವನೇ ಎಂದು ಖಚಿತವಾಗಿ ತಿಳಿಯಲು ಒಂದೇ ದಾರಿಯಿತ್ತು. ಯೋಚಿಸುತ್ತ ಕೂತಿದ್ದರೆ ಉಮಾ ಆ ಕೆಲಸ ಮಾಡುತ್ತಿರಲಿಲ್ಲ. ಅವಳು ಯೋಚಿಸಲಿಲ್ಲ. ಎಡಗೈಯಲ್ಲಿ ಫೋನು ಹಿಡಿದುಕೊಂಡೇ ಬಲಗೈಯಿಂದ 7316ರ ಫ್ಯಾನಿನ ಬಟನ್ನು ಒತ್ತಿದಳು.

ಸ್ಕ್ರೀನಿನಲ್ಲಿ ಫ್ಯಾನು ಹಸಿರಾಯಿತು.

ಫೋನಿನೊಳಗೆ, ಗಾದಿಲಿಂಗನ ಉಸಿರಿನ ಹಿಂದೆ, ಹಳೆಯ ಫ್ಯಾನೊಂದು ಟಕ್ ಎಂದಿತು. ಮತ್ತೊಮ್ಮೆ ಟಕ್ ಎಂದಿತು. ಆಮೇಲೆ ಟಕಟಕ ಎಂದು ವೇಗ ಹಿಡಿದು ತಿರುಗತೊಡಗಿತು. ಅದರ ಕೆಳಗೆ ಎಲ್ಲೋ, ಬಟ್ಟೆಯಿಂದ ಬಿಗಿದ ಬಾಯೊಂದು ಉಂ ಎಂದು ನರಳಿತು.

ಗಾದಿಲಿಂಗ ತಲೆಯೆತ್ತಿ ಸೂರನ್ನು ನೋಡುತ್ತಿರುವುದು ಉಮಾಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಆಮೇಲೆ ಅವನು, ಗೇಟಿನಲ್ಲಿ ನಿಂತು ಚಹಾ ಆಯಿತಾ ಎಂದು ಕೇಳುವಷ್ಟೇ ಮೆತ್ತಗೆ ಕೇಳಿದ.

"ಉಮವ್ವ, ಈ ಫ್ಯಾನು ನೀನ ಹಾಕಿದೇನು?"